ಮೆಟ್ಟಿಲ ಮೇಲೆ ಕೂತವರು

ಮಗಳನ್ನು ಎತ್ತಿಕೊಂಡು ಅವಳು ಮಹಡಿಯ ಮೇಲಿನ ತವರುಮನೆಯ ಒಳಗೆ ಕಾಲಿಡುವಷ್ಟರಲ್ಲಿ ಮಗು ಎರಡೂ ಕೈಯಿಂದ ಬಾಗಿಲ ಚೌಕಟ್ಟನ್ನು ಹಿಡಿದುಬಿಟ್ಟಿತು. ನಡುಮನೆಯಲ್ಲಿ ಅಜ್ಜನ ದೇಹವನ್ನು ಮಲಗಿಸಿದ್ದರು. ನಾಲ್ಕು ವರ್ಷದ ಮಗುವಿನ ಕಿರುಚಾಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು.

ಕೊನೆಯ ಸಲ ಮುಖ ನೋಡಲಿ, ಎಳೆದುಕೊಂಡು ಬಾ ಎಂದರು ಸೋದರತ್ತೆ. ಎರಡು ಬಿಗಿದರೆ ಸುಮ್ಮನಾಗುತ್ತಾಳೆ ಎಂದ ಅಣ್ಣ. ಥೇಟ್ ನಿನ್ನದೇ ಕೋಪ ಎಂದೂ ಸೇರಿಸಿದ. ಆಸ್ಪತ್ರೆಯ ಬೆಂಚಿನ ಮೇಲೆ ನಿದ್ದೆಗೆಟ್ಟು ಬಂದವಳು ಕೈ ಎತ್ತಿಯೇಬಿಟ್ಟಳು. ಏಟು ಬೀಳುವುದೆಂದು ಮಗು ಕಣ್ಣು ಬಿಗಿಯಾಗಿ ಮುಚ್ಚಿತು. ಆ ಮುಖ ಕಂಡು ಕೈ ತಾನಾಗಿ ಇಳಿಯಿತು. ಮಗುವಿನೊಂದಿಗೆ ಹೊರಬಂದು, ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

*

ಚಿಕ್ಕಂದಿನಲ್ಲಿ ಮನೆಮಂದಿ ಅವಳಿಗಿಟ್ಟ ಹೆಸರು ಮೆಣಸಿನಕಾಯಿ. ಅಣ್ಣ ಹುಟ್ಟಾ ಸಾಧು, ಕೂರಿಸಿದಲ್ಲಿ ಕೂರುವವನು. ಇವಳು ಚಪ್ಪಲಿ ಬಿಗಿಯಾಯಿತೆಂದು ನೆಲಕ್ಕೆ ಬಿದ್ದು ಹೊರಳುವವಳು. ನೆಂಟರೊಬ್ಬರ ಕೈ ಕಚ್ಚಿದ ಸಂಜೆ ಅಮ್ಮ ಅವಳನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಳು.

ಲಾಂಡ್ರಿಯಲ್ಲಿ ಹಗಲೆಲ್ಲ ನಿಂತೇ ಇಸ್ತ್ರಿ ಹಾಕಿ ಬಂದ ಅಪ್ಪ, ಏನಾಯಿತೆಂದು ಕೇಳಲಿಲ್ಲ. ಮುದ್ದು ಮಾಡಲೂ ಹೋಗಲಿಲ್ಲ. ಊದಿದ ಕಾಲು ಚಾಚಿ ಇದೇ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಕುಳಿತ. ಅವಳು ಒದ್ದಳು.

“ಕೋಪ ಬಂದಿದೆ ತಾನೇ? ಬರ್ಲಿ. ನಾನಂತೂ ಎದ್ದು ಹೋಗಲ್ಲ.”

ಬಾಗಿಲು ತೆರೆದ ಅಮ್ಮ, ನೀವೇ ತಲೆ ಮೇಲೆ ಕೂರಿಸಿಕೊಂಡು ಕೆಡಿಸಿದ್ದು ಎಂದಳು. ಅಪ್ಪನಿಗೆ ಕೇಳಿಸಲಿಲ್ಲ. ಗೋಡೆಗೆ ತಲೆಯಾನಿಸಿ ನಿದ್ದೆಹೋಗಿದ್ದ. ಅವನಿಗೆ ಎಚ್ಚರವಾದೀತೆಂದು ಮೆಣಸಿನಕಾಯಿ ಬಿಕ್ಕಳಿಕೆಯನ್ನೂ ನುಂಗಿಕೊಂಡಿದ್ದಳು.

*

ಕೆಳಗೆ ವ್ಯಾನು ಬಂತು. ಹೊತ್ತಾಯಿತು, ಮಗುವನ್ನು ನನ್ನ ಕೈಗೆ ಕೊಟ್ಟು ಹೊರಡು ಎಂದು ಸೋದರತ್ತೆ ಬಂದರು. ಮಗು ಅಮ್ಮನ ತೋಳಿಗೆ ಉಗುರು ಊರಿತು.

“ನೀವೆಲ್ಲ ಹೋಗಿ ಬನ್ನಿ ಅತ್ತೆ. ನಾನು ಇಲ್ಲೇ ಇರ್ತೀನಿ.”

ಹೆತ್ತಪ್ಪನನ್ನು ಕಳಿಸಿಕೊಡಲೂ ಬಾರದವಳು ಎಂಬ ಮಾತು ಬಂತು. ಅವಳು ಅಲುಗಲಿಲ್ಲ. ಅಣ್ಣ, ಭಾವ, ಲಾಂಡ್ರಿಯ ಇಬ್ಬರು ಅಪ್ಪನನ್ನು ಹೊತ್ತು, ತಿರುವಿನಲ್ಲಿ ಓರೆ ಮಾಡಿಕೊಂಡು, ಇಳಿದುಹೋದರು.

ಹೆಜ್ಜೆಯ ಸದ್ದು ಅಡಗಿದ ಮೇಲೆ ಮಗು ಹೇಳಿತು: “ಅಮ್ಮಾ, ನಂಗೆ ಕೋಪ ಅಲ್ಲ. ಹೆದ್ರಿಕೆ.”

“ನಂಗೂ ಕಣೇ.”

ವ್ಯಾನಿನ ಬಾಗಿಲು ಹಾಕಿದ ಸದ್ದು ಕೇಳಿತು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದವಳು ಬಾಯಿ ತೆರೆದು, ಸದ್ದು ಮಾಡಿ ಅಳತೊಡಗಿದಳು. ಮಗು ಸ್ವಲ್ಪ ಹೊತ್ತು ಅವಳನ್ನೇ ನೋಡಿತು. ಆಮೇಲೆ ತೊಡೆಯಿಂದ ಜಾರಿ ಅವಳ ಪಕ್ಕದಲ್ಲೇ ಕುಳಿತು, ಮುಂದಕ್ಕೆ ಚಾಚಿದ ಕಾಲನ್ನು ನಿಧಾನವಾಗಿ ಆಡಿಸುತ್ತಾ, ಎಲ್ಲಿಗೂ ಹೋಗಬೇಕಿಲ್ಲದವರ ಹಾಗೆ ಕಾಯತೊಡಗಿತು.