ಸೀಟು ಮುಂದಿದ್ದಾಗ

ಸಿಗ್ನಲ್ ಹಸಿರಾಯಿತು. ಆಕೆ ಪೆಡಲ್ ಒತ್ತಿದಳು. ಗಾಡಿ ಮುಂದೆ ಹೋಗುವ ಬದಲು ವೈಪರ್ ಆಡಿಸತೊಡಗಿತು. ಆಕಾಶದಲ್ಲಿ ಮಳೆಯ ಸುಳಿವೇ ಇರಲಿಲ್ಲ. ಮರುಕ್ಷಣ ಕಿಟಕಿಯ ಗಾಜುಗಳೆಲ್ಲ ತಾವಾಗಿಯೇ ಕೆಳಗಿಳಿದವು, ರೇಡಿಯೋ ಗಂಟಲು ಹರಿಯುವಂತೆ ಅರಚಿತು, ಸ್ಟಿಯರಿಂಗ್ ಹಿಂದಿನ ಪರದೆಯ ಮೇಲೆ ಇದ್ದಬದ್ದ ದೀಪಗಳೆಲ್ಲ ಹೊತ್ತಿಕೊಂಡವು. ಆಮೇಲೆ ಎಲ್ಲವೂ ಒಟ್ಟಿಗೆ ಆರಿ, ಆನೆಯಂಥ ಆ ಗಾಡಿ ನಡುರಸ್ತೆಯಲ್ಲಿ ಗಪ್‌ಚಿಪ್ಪಾಗಿ ನಿಂತಿತು. ಹಿಂದಿನವರ ಹಾರ್ನ್ ಶುರುವಾಯಿತು. ಸ್ಕೂಟರಿನವನೊಬ್ಬ ಪಕ್ಕದಲ್ಲಿ ನಿಧಾನಿಸಿ, ಇಳಿದ ಕಿಟಕಿಯೊಳಗೆ ಇಣುಕಿ, "ಓಡಿಸೋಕೆ ಬರಲ್ಲ ಅಂದ್ರೆ ಚಿಕ್ಕ ಕಾರು ತಗೋಬೇಕು ಮೇಡಂ" ಎಂದು ಪುಕ್ಕಟೆ ಸಲಹೆ ಕೊಟ್ಟು ಹೋದ.

ಆಕೆ ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ, ಬಿದ್ದವರನ್ನು ಎಬ್ಬಿಸಿ ನಡೆಸುವುದು ಕೆಲಸ. ಅಂದು ಕಾಯುತ್ತಿದ್ದವನು ಪಾರ್ಶ್ವವಾಯು ಬಡಿದ ಟೈಲರ್. ಬಲಗೈಯಲ್ಲಿ ಕತ್ತರಿ ಹಿಡಿಯುವುದನ್ನು ಮಗುವಿನಂತೆ ಹೊಸದಾಗಿ ಕಲಿಯುತ್ತಿದ್ದ. ಗಾಡಿಗೆ ಮತ್ತೆ ಜೀವ ಬಂದು ಆಕೆ ತಲುಪುವಷ್ಟರಲ್ಲಿ ಅವನು ಕಾದು ಕಾದು ನಿದ್ದೆ ಹೋಗಿದ್ದ. ಹೀಗೆ ಹೊತ್ತು ತಪ್ಪಿದ್ದು ಇದೇ ಮೊದಲ ಸಲವಲ್ಲ.

ಗಾಡಿಯನ್ನು ಕೊಂಡವನು ಗಂಡ. ಟೈಲ್ಸ್ ಅಂಗಡಿಯ ಮಾಲೀಕ ಅಂದಮೇಲೆ ಅಂಥದ್ದೊಂದು ಬಾಗಿಲಲ್ಲಿ ನಿಂತಿರಬೇಕು ಎಂಬುದು ಅವನ ಲೆಕ್ಕಾಚಾರ. ಆದರೆ ಅಂಗಡಿ ಮನೆಯ ಕೆಳಗೇ ಇದ್ದುದರಿಂದ, ಹೆಚ್ಚು ಓಡಿಸುತ್ತಿದ್ದವಳು ಆಕೆ. ಮಡಚುವ ಮೇಜು, ಹಗ್ಗ, ಚೆಂಡುಗಳೆಲ್ಲ ಹಿಂದೆ ಹಿಡಿಸುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಗಂಡನಿಗೊಂದು ಕೋಣೆ ಇತ್ತು, ಮಗಳಿಗೊಂದು ಕೋಣೆ ಇತ್ತು. ಆಕೆ ಬಾಗಿಲು ಹಾಕಿಕೊಂಡು ತನ್ನ ಪಾಡಿಗೆ ತಾನಿರಬಹುದಾಗಿದ್ದ ಜಾಗ ಆ ಗಾಡಿಯೊಂದೇ. ಒಬ್ಬ ರೋಗಿಯ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ದಾರಿಯಲ್ಲಿ ಆಕೆ ಬೇಸುರಾಗಿ ಹಾಡುತ್ತಿದ್ದಳು, ಯಾರಿಗೂ ಕೇಳಿಸದಂತೆ.

ಊಟದ ಹೊತ್ತಿಗೆ ಸಿಗ್ನಲ್ಲಿನ ವಿಷಯ ಹೇಳಿದಳು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಾನು ಓಡಿಸಿದಾಗ ಏನೂ ಆಗಲ್ವಲ್ಲ. ಭಾನುವಾರ ಊರೆಲ್ಲ ಸುತ್ತಿಸಿದೆ, ಬೆಣ್ಣೆ ಹಾಗೆ ಹೋಯ್ತು."

"ಅದೇ ನನಗೂ ಆಶ್ಚರ್ಯ. ನನಗೆ ಮಾತ್ರ ಯಾಕೆ ಹೀಗಾಗುತ್ತೆ?"

"ಅಷ್ಟೊಂದು ಬಟನ್ ಇದೆ ಅದರಲ್ಲಿ. ಗೊತ್ತಿಲ್ಲದೆ ಏನೋ ಒತ್ತಿರ್ತೀಯ. ಬೈತಾ ಇಲ್ಲ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಸೋಮವಾರದಿಂದ ಒಬ್ಬ ಡ್ರೈವರ್ ಬರ್ತಾನೆ, ಮಾತಾಡಿಯಾಗಿದೆ. ಹಾಯಾಗಿ ಹಿಂದೆ ಕೂತ್ಕೊಂಡು ಹೋಗು."

ಆಕೆ ಮಗಳತ್ತ ನೋಡಿದಳು. ಮಗಳು ಚಮಚ ಆಡಿಸುತ್ತ, "ನಾಳೆ ಸ್ಕೂಲಿಗೆ ಅಪ್ಪನೇ ಬಿಡಲಿ" ಎಂದಳು. ಗಂಡನ ಮಾತು ಸಿಟ್ಟು ತರಿಸಿತ್ತು. ಮಗಳ ಮಾತು ಕರುಳಿಗೇ ತಾಗಿತು. ತಾನೇ ಏನೋ ಎಡವಟ್ಟು ಮಾಡುತ್ತಿರಬಹುದೇ ಎಂಬ ಅನುಮಾನ ಮೊದಲ ಬಾರಿಗೆ ಆಕೆಗೂ ಬಂತು.

"ಇನ್ನೊಂದು ಸಲ ಸರ್ವೀಸ್ ಸೆಂಟರಿಗೆ ತೋರಿಸ್ತೀನಿ" ಅಂದಳು.

"ತೋರಿಸು. ಸಂಜೆ ನಾನೇ ಬಂದು ಗಾಡಿ ತರ್ತೀನಿ. ಇದೇ ಕೊನೆ" ಅಂದ ಗಂಡ.

ಸರ್ವೀಸ್ ಸೆಂಟರಿನ ಗಾಜಿನ ಬಾಗಿಲು ತಳ್ಳುವಾಗಲೇ ಒಳಗಿನಿಂದ ಮಾತು ಕಿವಿಗೆ ಬಿತ್ತು. "ಬಂದ್ರಪ್ಪ ಸೀರಿಯಲ್ ಸೆಟ್ ಮೇಡಂ." ದೀಪಗಳೆಲ್ಲ ತಾವಾಗಿಯೇ ಮಿನುಗುತ್ತವೆ ಎಂದು ಪದೇಪದೇ ದೂರು ತಂದದ್ದಕ್ಕೆ ಆಕೆಗೆ ಸಿಕ್ಕ ಬಿರುದು ಅದು. ಹೇಳಿದವನು ಮೆಕ್ಯಾನಿಕ್, ತೆಂಗಿನಮರದಂಥ ಆಳು. ಆಕೆಯನ್ನು ಕಂಡು ನಾಲಿಗೆ ಕಚ್ಚಿಕೊಂಡ.

ಸೂಪರ್‌ವೈಸರ್ ಮಾತ್ರ ಎಂದಿನಂತೆ ನಯವಿನಯದ ಮೂರ್ತಿ. ಆಕೆ ಹೇಳಿದ್ದನ್ನೆಲ್ಲ ತಲೆದೂಗುತ್ತ ಕೇಳಿದ. ಕೇಳಿಸಿಕೊಂಡನೇ ಎಂಬುದು ಬೇರೆ ಮಾತು.

"ಟೆಸ್ಟರ್ ಹಾಕಿ ನೋಡ್ತೀವಿ ಮೇಡಂ. ನೀವು ಕಾಫಿ ಕುಡೀತಾ ಕೂತಿರಿ."

"ಹೋದ ಸಲಾನೂ ಟೆಸ್ಟರ್ ಏನೂ ತೋರಿಸ್ಲಿಲ್ಲವಲ್ಲ?"

"ಬ್ಯಾಟರಿ ಆಗಾಗ ಇಳಿದಿದೆ ಅಂತ ತೋರಿಸ್ತು. ಅದು ಬಳಸೋ ರೀತಿ ಮೇಲೆ ಇರುತ್ತೆ. ತಪ್ಪು ತಿಳೀಬೇಡಿ ಮೇಡಂ, ನನ್ನ ಕಷ್ಟಾನೂ ಕೇಳಿ. ಮೆಷಿನ್ ಹೇಳಿದ್ದನ್ನೇ ನಾನು ನಂಬಬೇಕು. ಅದು ಹೇಳದೇ ಇರೋದಕ್ಕೆ ನಾನು ಪಾರ್ಟ್ ಬದಲಾಯಿಸಿದ್ರೆ, ಮೇಲಿನವರು ನನ್ನ ಕುತ್ತಿಗೆಗೆ ಬರ್ತಾರೆ."

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆಕೆ ಕಾಫಿ ಹಿಡಿದು ಕೂತಳು. ಹಿಂದಿನ ಸಲಗಳಲ್ಲಿ ಪತ್ರಿಕೆ ತಿರುವುತ್ತ ಕೂತಿದ್ದಳು. ಇಂದು ಗಾಜಿನಾಚೆಯ ಗ್ಯಾರೇಜಿನಿಂದ ಕಣ್ಣು ಕೀಳಲಿಲ್ಲ. ಅವರು ಅದೇನು ನೋಡುತ್ತಾರೆ, ಹೇಗೆ ನೋಡುತ್ತಾರೆ ಎಂಬ ಕುತೂಹಲ.

ಜನ ಹೇಗೆ ಕೂರುತ್ತಾರೆ, ಹೇಗೆ ಏಳುತ್ತಾರೆ ಎಂದು ನೋಡುವುದೇ ಆಕೆಯ ಹೊಟ್ಟೆಪಾಡು. ಹಾಗಾಗಿ ಗಾಡಿಗಿಂತ ಮೊದಲು ಮನುಷ್ಯರು ಕಂಡರು. ಮೆಕ್ಯಾನಿಕ್ ಬಾಗಿಲು ತೆಗೆದ. ಕೂರಲಿಲ್ಲ. ಬಗ್ಗಿ ಸೀಟಿನ ಪಕ್ಕಕ್ಕೆ ಕೈ ಹಾಕಿ ಗುಂಡಿ ಒತ್ತಿದ. ಸೀಟು ಸರಿಯುತ್ತ ಸರಿಯುತ್ತ ಹಿಂದಕ್ಕೆ ಹೋಯಿತು. ಆಮೇಲೆ ಆರಾಮಾಗಿ ಕೂತು, ಟೆಸ್ಟರಿನ ವೈರು ಚುಚ್ಚಿದ. ಸೊಂಟಕ್ಕೆ ಒಳ್ಳೆಯದು, ಹಾಗೇ ಕೂರಬೇಕು ಎಂದು ಆಕೆಗೆ ಅನ್ನಿಸಿತು. ಪಕ್ಕದ ಗಾಡಿಗೆ ಇನ್ನೊಬ್ಬ ಹತ್ತಿದ. ಅವನೂ ಮೊದಲು ಸೀಟು ಹಿಂದೆ ತಳ್ಳಿದ. ಗಂಡನೂ ಅಷ್ಟೇ, ಪ್ರತಿ ಭಾನುವಾರ, "ಇದೇನು ಸ್ಟಿಯರಿಂಗ್ ತಬ್ಕೊಂಡು ಕೂರ್ತೀಯಾ?" ಎಂದು ರೇಗಿಸುತ್ತ ಸೀಟು ಹಿಂದೆ ಕಳಿಸುತ್ತಿದ್ದ.

ಆಕೆಯ ಕೈಯಲ್ಲಿ ಕಾಫಿ ತಣ್ಣಗಾಗುತ್ತಿತ್ತು. ಅವಳ ಗಾಡಿಯನ್ನು ಅವಳು ಓಡಿಸುವ ಹಾಗೆ ಇದುವರೆಗೆ ಒಬ್ಬರೂ ನೋಡಿಲ್ಲ! ಅದರ ಬಾಗಿಲು ತೆಗೆದವರೆಲ್ಲ ಮೊದಲು ಅದನ್ನು ತಮ್ಮ ಗಾಡಿ ಮಾಡಿಕೊಂಡು, ಆಮೇಲೆ ಪರೀಕ್ಷೆ ಮಾಡಿ, ಎಲ್ಲ ಸರಿಯಿದೆ ಎಂದಿದ್ದರು.

'ಗ್ರಾಹಕರಿಗೆ ಪ್ರವೇಶವಿಲ್ಲ' ಎಂಬ ಬೋರ್ಡಿನ ಕೆಳಗಿನಿಂದ ಆಕೆ ಸೀದಾ ಒಳಗೆ ನಡೆದಳು. ಸೂಪರ್‌ವೈಸರ್ ಹಿಂದೆಯೇ ಓಡಿಬಂದ.

"ಮೇಡಂ, ಇಲ್ಲಿಗೆ ಬರೋ ಹಾಗಿಲ್ಲ."

"ಒಂದೇ ಒಂದು ಕೆಲಸ. ಸೀಟನ್ನ ನಾನು ಕೂತ್ಕೊಳ್ಳೋ ಜಾಗಕ್ಕೆ ತಂದು, ಇವರು ಅಲ್ಲೇ ಕೂತು ನೋಡಲಿ."

"ನನ್ನ ಮೊಣಕಾಲು ಗಲ್ಲಕ್ಕೆ ಬರುತ್ತೆ ಮೇಡಂ" ಎಂದ ಮೆಕ್ಯಾನಿಕ್.

"ಐದು ನಿಮಿಷ ಬರಲಿ. ನನಗೆ ಕಾಲು ಎಟುಕಬೇಕು ಅಂದ್ರೆ ಅಲ್ಲೇ ಕೂರಬೇಕಲ್ಲ."

ಸೂಪರ್‌ವೈಸರ್ ತಲೆ ಕೆರೆದುಕೊಂಡ. ಬೇಡ ಎನ್ನಲು ಕಾರಣ ಹುಡುಕಿದ, ಸಿಗಲಿಲ್ಲ. ಮೆಕ್ಯಾನಿಕ್ ಸೀಟನ್ನು ಪೂರ್ತಿ ಮುಂದೆ ತಂದು, ಕೊಡೆಯಂತೆ ಮಡಚಿಕೊಂಡು ಒಳಗೆ ಸೇರಿದ. ಅಕ್ಕಪಕ್ಕದವರು ಕೆಲಸ ಬಿಟ್ಟು ಬಂದು ನಿಂತರು. ಒಬ್ಬ ಕಿಸಕ್ಕೆಂದ. ಎಂಜಿನ್ ಶುರುವಾಯಿತು. ಏನೂ ಆಗಲಿಲ್ಲ.

"ನೋಡಿ ಮೇಡಂ" ಎಂದು ಸೂಪರ್‌ವೈಸರ್ ನಿಟ್ಟುಸಿರು ಬಿಟ್ಟ. ಅವನಿಗೆ ಸಮಾಧಾನವಾದದ್ದು ಮುಖದಲ್ಲೇ ಕಾಣುತ್ತಿತ್ತು.

ಆಕೆಗೆ ಸೋಮವಾರ ಕಣ್ಣೆದುರು ಬಂತು, ಹಿಂದಿನ ಸೀಟು, ಯಾರದೋ ತಲೆಯ ಹಿಂಭಾಗ ನೋಡುತ್ತ ಬಾಯಿ ಮುಚ್ಚಿ ಕೂತ ತಾನು.

"ರಸ್ತೆ ಇಷ್ಟು ನುಣ್ಣಗಿರಲ್ಲ" ಅಂದಳು. "ಸ್ವಲ್ಪ ಮುಂದೆ ಹಿಂದೆ ಅಲ್ಲಾಡಿ. ಬ್ರೇಕ್ ಒತ್ತಿ ಬಿಡಿ. ಗುಂಡಿ ಮೇಲೆ ಹೋದ ಹಾಗೆ."

ಮೆಕ್ಯಾನಿಕ್ ಒಲ್ಲದ ಮನಸ್ಸಿನಿಂದ ಕುಲುಕಾಡಿದ. ಒಮ್ಮೆ, ಮತ್ತೊಮ್ಮೆ. ಇದ್ದಕ್ಕಿದ್ದಂತೆ ವೈಪರ್ ಒಣ ಗಾಜಿನ ಮೇಲೆ ಕರಕರ ಎಂದಿತು. ಗಾಜುಗಳು ಇಳಿದವು. ರೇಡಿಯೋ ಅರಚಿತು. ಪರದೆಯ ದೀಪಗಳೆಲ್ಲ ಹೊತ್ತಿಕೊಂಡು, ಎಲ್ಲವೂ ಒಟ್ಟಿಗೆ ಆರಿಹೋದವು.

 ಮೆಕ್ಯಾನಿಕ್ ಎರಡೂ ಕೈ ಮೇಲೆತ್ತಿ, ಮೇಲಧಿಕಾರಿಯ ಕಡೆ ನೋಡಿ, "ಸರ್, ನಾನೇನೂ ಒತ್ತಿಲ್ಲ" ಎಂದ.

ಆಕೆಗೆ ನಗು ತಡೆಯಲಾಗಲಿಲ್ಲ. "ನಾನೂ ಇಷ್ಟು ದಿನ ಅದನ್ನೇ ಹೇಳ್ತಿದ್ದೆ" ಅಂದಳು. ನಗುತ್ತಿರುವಾಗಲೇ ಕಣ್ಣು ತುಂಬಿತು.

ಸೀಟು ಬಿಚ್ಚಿದರು. ಅದರ ಕೆಳಗೆ ವೈರುಗಳ ದಪ್ಪ ಕಟ್ಟೊಂದು ಹಾದು ಹೋಗಿತ್ತು. ಸೀಟು ಪೂರ್ತಿ ಮುಂದೆ ಬಂದಾಗ ಮಾತ್ರ ಒಂದು ಕಬ್ಬಿಣದ ಅಂಚು ಅದಕ್ಕೆ ತಾಗಿ ಉಜ್ಜುತ್ತಿತ್ತು. ಹೊದಿಕೆ ಸವೆದು ತಾಮ್ರ ಹೊಳೆಯುತ್ತಿತ್ತು. ಸೀಟು ಹಿಂದೆ ಹೋದರೆ ಅಂಚೂ ದೂರ, ತೊಂದರೆಯೂ ಮಾಯ.

ಗಂಡ ಬಂದದ್ದು ಆಗಲೇ. ಬಿಚ್ಚಿಟ್ಟ ಸೀಟು, ಸುತ್ತ ನಿಂತ ಜನ, ನಡುವೆ ನೆಲಕ್ಕೆ ಬಗ್ಗಿ ನೋಡುತ್ತಿದ್ದ ಹೆಂಡತಿಯನ್ನು ಕಂಡು ಗಾಬರಿಯಾದ. ಆಕೆ ಅವನನ್ನು ಕರೆದು ವೈರು ತೋರಿಸಿದಳು. ಮೆಕ್ಯಾನಿಕ್ ನಡೆದದ್ದನ್ನೆಲ್ಲ ಹೇಳಿದ, ತನ್ನ ಮೊಣಕಾಲಿನ ಸಮೇತ.

"ಅಯ್ಯೋ, ಇಷ್ಟೇನಾ?" ಎಂದ ಗಂಡ.

"ಇಷ್ಟೇ ರೀ. ನೀವು ಒಂದು ದಿನ ನನ್ನ ಪಕ್ಕ ಕೂತು ಬಂದಿದ್ರೆ ನಿಮಗೂ ಕಾಣ್ತಿತ್ತು."

ಗಂಡನ ಮುಖ ಹುಳ್ಳಗಾಯಿತು.  ಆಮೇಲೆ ಫೋನ್ ತೆಗೆದು, ಪಕ್ಕಕ್ಕೆ ಹೋಗಿ, "ಸೋಮವಾರ ಬರೋದು ಬೇಡಪ್ಪ. ಇಲ್ಲ, ನಮ್ಮ ಮನೆಯವರೇ ಓಡಿಸ್ತಾರೆ" ಎಂದ. ಹಿಂತಿರುಗಿ ಬಂದವನು, "ಮಗಳಿಗೆ ನಾನೇ ಹೇಳ್ತೀನಿ" ಎಂದ. ಆಕೆಗೆ ಅಂದು ಬೇಕಾಗಿದ್ದದ್ದು ಅದೇ ಮಾತು.

ಸೂಪರ್‌ವೈಸರ್ ಕ್ಷಮೆ ಕೇಳಿದ. ಈ ಸಲ ತಲೆದೂಗಲಿಲ್ಲ. ಆಕೆ ಹೊರಡಲು ಬ್ಯಾಗು ಎತ್ತಿಕೊಂಡವಳು ನಿಂತಳು. ಇನ್ನೊಂದು ಪ್ರಶ್ನೆ ತಲೆಯೊಳಗೆ ಕೊರೆಯುತ್ತಿತ್ತು.

"ಇದೇ ಮಾಡೆಲ್ ಗಾಡಿ ತಂದು, ಇದೇ ತರಹ ಹೇಳಿದ ಹೆಂಗಸರು ಬೇರೆ ಯಾರಾದ್ರೂ ಇದ್ದಾರಾ?"

ಆತ ಹಳೆಯ ದೂರಿನ ಪುಸ್ತಕ ತಿರುವಿದ. "ಒಬ್ಬರು ಪ್ರಿನ್ಸಿಪಾಲ್ ಮೇಡಂ ಇದ್ರು" ಎಂದ ನಿಧಾನಕ್ಕೆ. "ಎರಡು ಸಲ ಬಂದ್ರು. ಆಮೇಲೆ ಬರಲಿಲ್ಲ. ಸರಿ ಹೋಯ್ತೇನೋ ಅಂದ್ಕೊಂಡೆ."

"ಕೇಳಿ ನೋಡಿ."

ಆತ ಮೇಜಿನ ಹಿಂದೆ ಕೂತು ನಂಬರ್ ಒತ್ತಿದ. ಆ ಕಡೆಯ ದನಿ, ಗದರಿ ಅಭ್ಯಾಸವಿದ್ದ ದನಿ, ಆಕೆಗೂ ಗಂಡನಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಮೇಡಂ, ನೀವು ಗಾಡಿ ಓಡಿಸುವಾಗ ಸೀಟು ತುಂಬಾ ಮುಂದೆ ಹಾಕ್ಕೋತಿದ್ರಾ?"

"ಹೂಂ. ಇಲ್ಲದಿದ್ರೆ ನನಗೆ ಕಾಲು ಎಟುಕ್ತಿರಲಿಲ್ಲ. ಯಾಕೆ?"

"ಹಾಗಾದ್ರೆ ಗಾಡಿ ಕೆಟ್ಟಿದ್ದು ಸೀಟಿನ ಕೆಳಗಿನ ವೈರಿಂದ ಇರಬೇಕು ಮೇಡಂ. ನೀವು ಹೇಳಿದ್ದನ್ನ ನಾವು ಸರಿಯಾಗಿ ನೋಡಲೇ ಇಲ್ಲ. ತಪ್ಪು ನಮ್ಮದು. ಗಾಡಿ ತಗೊಂಡು ಬನ್ನಿ, ನಾನೇ ಮುಂದೆ ನಿಂತು ಮಾಡಿಸ್ತೀನಿ."

 ಲೈನ್ ಕಟ್ಟಾಯಿತೇನೋ ಎಂದು ಆತ ಫೋನನ್ನು ಕಿವಿಯಿಂದ ತೆಗೆದು ನೋಡಿದ.

"ನಾನು ಓಡಿಸೋದನ್ನೇ ಬಿಟ್ಟುಬಿಟ್ಟೆನಲ್ಲಪ್ಪ" ಎಂದಿತು ದನಿ. ಅದರಲ್ಲಿ ಈಗ ಗದರಿಕೆ ಇರಲಿಲ್ಲ. 

"ಒಂದು ನಿಮಿಷ ಇರಿ, ಇಡಬೇಡಿ" ಎಂದರು ಪ್ರಿನ್ಸಿಪಾಲ್. "ನಮ್ಮ ಯಜಮಾನರು ಇಲ್ಲೇ ಪೇಪರ್ ಓದ್ತಾ ಕೂತಿದ್ದಾರೆ. ಸ್ಪೀಕರ್ ಹಾಕ್ತೀನಿ. ಈಗ ಹೇಳಿದ್ರಲ್ಲ, ಅದನ್ನ ಮೊದಲಿಂದ ಇನ್ನೊಂದು ಸಲ ಹೇಳಿ."

ಸೂಪರ್‌ವೈಸರ್ ಕುರ್ಚಿಯಿಂದ ಎದ್ದು ನಿಂತ. ಗಂಟಲು ಸರಿಮಾಡಿಕೊಂಡು, ಗ್ಯಾರೇಜಿನವರಿಗೂ ಕೇಳಿಸುವಂತೆ, ಮೊದಲಿನಿಂದ ಹೇಳತೊಡಗಿದ.