ಬಾಗಿಲಿಗೆ ಕಟ್ಟಿದ ಬೇವು

ದ್ರೌಪದಮ್ಮ ಸಮುದ್ರ ಕಂಡವಳಲ್ಲ. ಹುಟ್ಟಿದ್ದು, ಮದುವೆಯಾದದ್ದು, ಮಕ್ಕಳನ್ನು ಹೆತ್ತದ್ದು ಎಲ್ಲ ಚಾಮರಾಜಪೇಟೆಯ ಎರಡು ಬೀದಿಗಳ ನಡುವೆಯೇ. ಆದರೂ ಅವಳ ಕತೆಗಳಲ್ಲಿ ಕಡಲಿಗೆ ಬರವಿರಲಿಲ್ಲ. ಹೂವಾಡಗಿತ್ತಿಯೊಬ್ಬಳ ಬುಟ್ಟಿ ಕೈಜಾರಿ ಹೊಳೆಗೆ ಬಿದ್ದು, ಹೊಳೆಯಿಂದ ಕಡಲಿಗೆ ಇಳಿದು, ಅಲ್ಲಿ ದೋಣಿಯಾಗಿ ಅವಳನ್ನೇ ಕೂರಿಸಿಕೊಂಡು ಹೊರಟ ಕತೆಯನ್ನು ಮೊಮ್ಮಗಳು ಲಾವಣ್ಯಾ ಅದೆಷ್ಟು ಸಲ ಕೇಳಿದ್ದಳೋ. ಬುಟ್ಟಿ ದಡ ಮುಟ್ಟಿತಾ ಎಂದು ಕೇಳಿದರೆ ಅಜ್ಜಿಯದು ಒಂದೇ ಉತ್ತರ: "ಮುಟ್ಟದೆ ಏನು? ಹೂವು ಬಾಡೋದ್ರೊಳಗೆ ಮುಟ್ತು."

ಈಗ ಆ ಬುಟ್ಟಿ ಲಾವಣ್ಯಾಳ ಬಾಗಿಲಿಗೇ ಬಂದಿತ್ತು. ಮುಂಬಯಿಯಿಂದ ಹೊರಡುವ ಪ್ರವಾಸಿ ಹಡಗಿನಲ್ಲಿ ಹೂವಿನ ಅಲಂಕಾರದ ಕೆಲಸ. ಊಟದ ಮೇಜುಗಳಿಗೆ, ಮೆಟ್ಟಿಲುಗಳಿಗೆ, ಹಡಗಿನ ಮೇಲೆಯೇ ಮದುವೆಯಾಗುವವರ ಮಂಟಪಕ್ಕೆ ಹೂವು ಜೋಡಿಸುವುದು. ಎರಡು ಸಲ ಈ ಕೆಲಸ ಕೈಗೆ ಬಂದು ಜಾರಿತ್ತು. ಮೊದಲ ಸಲ ಕೊರೋನಾ ಬಂದು ಹಡಗುಗಳೇ ನಿಂತುಹೋದವು. ಎರಡನೆಯ ಸಲ ಎರಡು ಡೋಸ್ ಲಸಿಕೆ ಕಡ್ಡಾಯವೆಂದು ನಿಯಮ ಬಂದಾಗ ಅವಳಿಗೆ ಆಗಿದ್ದದ್ದು ಒಂದೇ. ಈ ಸಲವೂ ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆಂದು ಕೆಲಸ ಕೊಡಿಸುವ ಆಫೀಸಿನ ಕಶ್ಯಪ್ ಮೊದಲೇ ಹೇಳಿಬಿಟ್ಟಿದ್ದ.

ಆ ಕಶ್ಯಪನ ಮೆಸೇಜು ಬಂದರೆ ಸಾಕು, ಯಾವುದೋ ನಿಯಮ ಬದಲಾಗಿರುತ್ತಿತ್ತು. ಮೂರು ದಿನದೊಳಗಿನ ಟೆಸ್ಟ್ ಸಾಕೆಂದಿದ್ದವರು ಎರಡೇ ದಿನ ಎಂದರು. ಬಟ್ಟೆಯ ಮಾಸ್ಕ್ ನಡೆಯುತ್ತದೆ ಎಂದಿದ್ದವರು ನಡೆಯುವುದಿಲ್ಲ ಎಂದರು. ಹಡಗಿನಲ್ಲಿ ಯಾರೂ ತಾವೇ ಬಡಿಸಿಕೊಳ್ಳುವಂತಿಲ್ಲ, ಹೂದಾನಿಯನ್ನು ಪ್ರಯಾಣಿಕರ ಕೈಗೆಟುಕುವಲ್ಲಿ ಇಡುವಂತಿಲ್ಲ, ಮಾರನೆಯ ದಿನ ಇಡಬಹುದು, ಅದರ ಮಾರನೆಯ ದಿನ ಮತ್ತೆ ಬೇಡ. ಹೀಗ್ಯಾಕೆ ಎಂದು ಕೇಳಿದರೆ ಕಶ್ಯಪ್, ರೂಲ್ಸ್ ತಾನು ಮಾಡುವುದಲ್ಲ, ಬಂದದ್ದನ್ನು ಮುಂದಕ್ಕೆ ಕಳಿಸುತ್ತೇನೆ ಅಷ್ಟೇ ಎನ್ನುತ್ತಿದ್ದ. ಬದಲಾಗದೆ ನಿಂತಿದ್ದ ನಿಯಮ ಒಂದೇ. ಹೊರಡುವ ತನಕ ಒಂಟಿಯಾಗಿ ಕೋಣೆಯಲ್ಲಿರಬೇಕು, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಹೇಳಬೇಕು, ಹೇಳಿದರೆ ಹಡಗಿಲ್ಲ.

ಅದಕ್ಕೇ ಅವಳು ಮಹಡಿಯ ಮೇಲಿನ ತಗಡಿನ ಕೋಣೆ ಸೇರಿದ್ದಳು. ಹೊಸೂರಿನ ಕಡೆ ಗುಲಾಬಿ ತೋಟದಲ್ಲಿದ್ದ ಅಪ್ಪ ಅಮ್ಮ ಫೋನಿನಲ್ಲೇ ಹರಸಿ ಸುಮ್ಮನಾದರು. ಸುಮ್ಮನಾಗದವರು ನೆಂಟರು. ಹುಡುಗಿ ಸಮುದ್ರಕ್ಕೆ ಹೋಗುತ್ತಾಳಂತೆ ಎಂದು ಸುದ್ದಿ ಹಬ್ಬಿದ್ದೇ ತಡ, ಮಡಿಲು ತುಂಬಲು ಒಬ್ಬರು, ಬುದ್ಧಿ ಹೇಳಲು ಇನ್ನೊಬ್ಬರು. ಒಬ್ಬ ಸೋದರತ್ತೆಯಂತೂ ಮಾಸ್ಕನ್ನು ಗದ್ದಕ್ಕಿಳಿಸಿ, ಖೊಕ್ ಖೊಕ್ ಎನ್ನುತ್ತ ದ್ರೌಪದಮ್ಮನ ಪಕ್ಕದಲ್ಲೇ ಕೂತು ಎರಡು ಲೋಟ ಕಾಫಿ ಕುಡಿದು ಹೋದಳು. ಹೊಸಲಿಗೆ ಬಂದವರನ್ನು ಹೋಗಿ ಎನ್ನುವುದು ಆ ಮನೆಯಲ್ಲಿ ಯಾರಿಗೂ ಬಾರದ ವಿದ್ಯೆ.

ಇದಾದ ಕೆಲವು ದಿನಕ್ಕೆ ಬೆಳಿಗ್ಗೆ ಎದ್ದು ನೋಡಿದರೆ ಬೀದಿಬಾಗಿಲಿಗೆ ಬೇವಿನ ಸೊಪ್ಪು ನೇತಾಡುತ್ತಿತ್ತು.

ದ್ರೌಪದಮ್ಮನಿಗೆ ಅಮ್ಮ ಬಂದಿದ್ದಾಳೆ ಎಂದು ಬೀದಿಯೆಲ್ಲ ಗುಸುಗುಸು. ಅನುಮಾನಪಡುವವರಾದರೂ ಯಾರು? ಆ ಬೀದಿಯಲ್ಲಿ ಯಾರ ಮೈಮೇಲೆ ಗುಳ್ಳೆಯೆದ್ದರೂ ನೋಡಿ ಅಮ್ಮ ಹೌದೋ ಅಲ್ಲವೋ ಎಂದು ಹೇಳುವವಳು ಅವಳೇ. ಯಾವತ್ತು ತಲೆಗೆ ಬೇವು ಅರಿಶಿನದ ನೀರು ಹಾಕಿ ಅಮ್ಮನನ್ನು ಕಳಿಸಿಕೊಡಬೇಕು ಎಂದು ನಿರ್ಧರಿಸುವವಳೂ ಅವಳೇ. ಚಿಕ್ಕಪ್ಪ ಮುರುಗೇಶ್ ಆ ಕ್ಷಣದಿಂದಲೇ ಕಟ್ಟುನಿಟ್ಟಾದ. ಹೆಂಡತಿ ಮಕ್ಕಳನ್ನು ತವರಿಗೆ ಕಳಿಸಿದವನು ಮಾರ್ಕೆಟ್ಟಿನ ಹೂವಿನಂಗಡಿಗೆ ಹೋಗುವುದನ್ನು ಬಿಟ್ಟ. ಅಡುಗೆಗೆ ಒಗ್ಗರಣೆ ನಿಂತಿತು. ತಾಯಿಯ ಕೋಣೆಯ ಹೊಸಲಲ್ಲಿ ಮೊಸರನ್ನ, ಎಳನೀರು ಇಟ್ಟು, ಒಳಗೆ ಕಣ್ಣು ಹಾಯಿಸದೆ ಹಿಂದೆ ಸರಿಯುತ್ತಿದ್ದ. ಇನ್ನು ನೀರು ಹಾಕುವ ತನಕ ಈ ಮನೆಯಿಂದ ಯಾರೂ ಹೋಗಿಬರುತ್ತೇನೆ ಎಂದು ಹೊರಡುವಂತಿಲ್ಲ ಎಂದು ಮೆಟ್ಟಿಲ ಬುಡದಲ್ಲಿ ನಿಂತು ಲಾವಣ್ಯಾಳಿಗೂ ಹೇಳಿದ.

ಅವಳಿಗೆ ಅಳುವೇ ಬಂದಿತ್ತು. ಅವನು ಹಿತ್ತಲಿಗೆ ಹೋದ ಹೊತ್ತು ನೋಡಿ ಕೆಳಗಿನ ಕಿಟಕಿಯಿಂದ ಅಜ್ಜಿಯ ಪಿಸುಮಾತು ಬಂತು.

"ಅಳ್ಬೇಡ್ವೇ ಹುಚ್ಚಿ. ನಂಗೇನೂ ಆಗಿಲ್ಲ. ಈ ಕೆಮ್ಮೋ ನೆಂಟ್ರೆಲ್ಲಾ ನಿನ್ ಹತ್ರ ಸುಳೀಬಾರ್ದು ಅಂತ ಸೊಪ್ಪು ಕಟ್ಟಿದೀನಿ. ನೀನು ಹೊರಡೋ ಹಿಂದಿನ ದಿನ ನೀರು ಹಾಕ್ಕೋತೀನಿ, ಮುಗೀತು. ಚಿಕ್ಕಪ್ಪನ್ ಮುಂದೆ ಬಾಯಿ ಬಿಟ್ಟೀಯ."

ಲಾವಣ್ಯಾ ಬಾಯಿಗೆ ದುಪಟ್ಟಾ ತುರುಕಿಕೊಂಡು ನಕ್ಕಳು. ಪೊಲೀಸರ ಬ್ಯಾರಿಕೇಡಿಗೂ ಜಗ್ಗದಿದ್ದ ಬಳಗ ಒಂದು ಹಿಡಿ ಬೇವಿಗೆ ಹೆದರಿ ದಾರಿ ಬದಲಿಸಿತ್ತು. ಆದರೆ ನಗು ಇಳಿದ ಮೇಲೆ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿತು. ಅಮ್ಮನ ಹೆಸರಲ್ಲಿ ಆಣೆ ಹಾಕಲು ಸಹ ಒಪ್ಪದವಳು ಅಜ್ಜಿ. ಅಂಥವಳು ಅಮ್ಮನನ್ನೇ ಸುಳ್ಳಿಗೆ ಕರೆದಳೇ?

ಅಜ್ಜಿ ಕೋಣೆಯೊಳಗೇ ಕೂತು ದೇವಿಯ ಪಟಕ್ಕೆ ದಿನಾ ಮಾಲೆ ಕಟ್ಟುತ್ತಿದ್ದಳು. ಅಂಗಡಿಯ ಆಳು ಜಗಲಿಯ ಮೇಲಿಟ್ಟು ಹೋದ ಹೂವನ್ನು ಮುರುಗೇಶ್ ಹೊಸಲಿಗೆ ತಳ್ಳುವುದು, ಕಟ್ಟಿದ ಮಾಲೆ ಅದೇ ಹೊಸಲಿಗೆ ವಾಪಸು ಬರುವುದು. ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದರೂ ಅವಳ ಕೈ ತಪ್ಪುತ್ತಿರಲಿಲ್ಲ, ಯಾಕೆಂದರೆ ಕೈಗೆ ದಾರಿ ತೋರಿಸುತ್ತಿದ್ದದ್ದು ಮೂಗು. ಮೂರನೆಯ ಮಾಲೆಯನ್ನು ಚಿಕ್ಕಪ್ಪ ಪಟಕ್ಕೆ ಹಾಕುವಾಗ ಲಾವಣ್ಯಾ ಮೆಟ್ಟಿಲ ಮೇಲಿನಿಂದ ನೋಡಿದಳು. ಮಲ್ಲಿಗೆ ಮಾಲೆಯ ನಡುನಡುವೆ ಕಾಕಡ ಸೇರಿತ್ತು. ನೋಡಲು ಮಲ್ಲಿಗೆಯ ಮೊಗ್ಗಿನ ಹಾಗೇ, ಘಮ ಮಾತ್ರ ಇಲ್ಲ. ಎರಡನ್ನೂ ಒಟ್ಟಿಗೆ ಕಟ್ಟುವವರನ್ನು ಅಜ್ಜಿ ಮಾರ್ಕೆಟ್ಟಿನಲ್ಲಿ ನಿಂತು ಬೈಯುತ್ತಿದ್ದಳು.

ಚಿಕ್ಕಪ್ಪ, ಕಣ್ಣು ಮಂಜು ಅಲ್ವಾ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಲಾವಣ್ಯಾಳಿಗೆ ಸಮಾಧಾನವಾಗಲಿಲ್ಲ.

ಅವರಿಬ್ಬರ ನಡುವೆ ಹಳೆಯದೊಂದು ಆಟವಿತ್ತು. ಬಾಳೆಲೆಯಲ್ಲಿ ಹೂವು ಕಟ್ಟಿಕೊಟ್ಟು, ಬಿಚ್ಚದೆ ಹೇಳು ಎನ್ನುವುದು. ಆ ಆಟದಲ್ಲಿ ಅಜ್ಜಿಯನ್ನು ಸೋಲಿಸಿದವರಿಲ್ಲ. ಹೊತ್ತು ಹೋಗುತ್ತಿಲ್ಲ, ಅಜ್ಜಿಯ ಜೊತೆ ಆಟವಾಡುತ್ತೇನೆ ಎಂದು ಅವಳು ಚಿಕ್ಕಪ್ಪನನ್ನು ಪುಸಲಾಯಿಸಿ ಸಂಪಿಗೆಯ ಪೊಟ್ಟಣವೊಂದನ್ನು ಹೊಸಲಿಗೆ ಇಡಿಸಿದಳು. ಸಂಪಿಗೆಯೆಂದರೆ ಬೀದಿಯ ಆ ತುದಿಗೆ ಬಂದರೆ ಈ ತುದಿಗೆ ಗೊತ್ತಾಗುವ ಹೂವು. ಮಹಡಿಯ ತನಕ ಅದರ ಘಾಟು ಏರಿ ಬರುತ್ತಿತ್ತು.

"ಬಿಚ್ಚದೆ ಹೇಳಜ್ಜಿ, ಏನು ಹೂವು?"

ಒಳಗಿಂದ ಎಲೆ ಸರಿದ ಸಪ್ಪಳ ಕೇಳಿತು, ಮೂಗಿಗೆ ಹತ್ತಿರ ಹಿಡಿದಳೇನೋ. ಆಮೇಲೆ ತೀರಾ ಸಲೀಸಾಗಿ, "ಇದನ್ನೇನ್ ಕೇಳ್ತೀಯೇ, ಮಲ್ಲಿಗೆ" ಎಂದಳು.

ಲಾವಣ್ಯಾಳಿಗೆ ಇನ್ನು ಅನುಮಾನ ಉಳಿಯಲಿಲ್ಲ. ಮೂಗು ಸತ್ತರೆ ಏನರ್ಥ ಎಂದು ಆ ಎರಡು ವರ್ಷಗಳಲ್ಲಿ ಯಾರಿಗೆ ತಾನೇ ಗೊತ್ತಿರಲಿಲ್ಲ? ಅಜ್ಜಿ ಊರಿಗೆಲ್ಲ ಒಂದು ಸುಳ್ಳು ಹೇಳಿ, ಅದರ ಹಿಂದೆ ಮೊಮ್ಮಗಳಿಗೆ ಮಾತ್ರ ಇನ್ನೊಂದು ಹೇಳಿದ್ದಳು. ಸೊಪ್ಪು ನೆಂಟರಿಗಾಗಿ ಕಟ್ಟಿದ್ದಲ್ಲ. ಜ್ವರ ಮೊದಲು ಬಂದಿತ್ತು, ಬೇವು ಆಮೇಲೆ ಬಂದಿತ್ತು. ಮನೆಯಲ್ಲಿ ಜ್ವರವಿಲ್ಲ ಎಂದು ಮೊಮ್ಮಗಳು ಅಳುಕಿಲ್ಲದೆ ಹೇಳಲಿ ಎಂದು ಅವಳನ್ನೂ ನಂಬಿಸಿದ್ದಳು.

ಏನು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಫೋನು ಮಿಣುಕಿತು. ಕಶ್ಯಪ್. ನಿಯಮ ಮತ್ತೆ ಬದಲಾಗಿದೆ. ಕೊನೆಯ ಆರೋಗ್ಯ ತಪಾಸಣೆ ನಾಳೆಯಲ್ಲ, ಇವತ್ತೇ, ಈಗಲೇ, ವಿಡಿಯೋದಲ್ಲಿ. ಇರುವ ಕೋಣೆಯನ್ನೂ ಮನೆಯ ಬಾಗಿಲನ್ನೂ ತೋರಿಸಬೇಕಂತೆ.

ಡಾಕ್ಟರು ಗಿರಿಜಾಂಬಾ ಎಂಬ ನರೆಗೂದಲಿನ ಹೆಂಗಸು. ಮೈಸೂರಿನವರು, ಮುಂಬಯಿಯಲ್ಲಿ ಕೂತು ಹಡಗು ಹತ್ತುವವರನ್ನೆಲ್ಲ ನೋಡುವವರು. ಕನ್ನಡದ ಹುಡುಗಿ ಸಿಕ್ಕಳೆಂದು ಖುಷಿಯಾಗಿಯೇ ಶುರುಮಾಡಿದರು. ಗಂಟಲು ನೋಡಿದರು, ಕೆಮ್ಮಿಸಿದರು, ಹಡಗಿನ ಗಾಳಿಗೆ ಕೂದಲು ಉಳಿಯೋದಿಲ್ಲ, ಜಡೆ ಹಾಕ್ಕೋ ಎಂದು ತಮಾಷೆ ಮಾಡಿದರು. ಲಾವಣ್ಯಾ ಫೋನು ಹಿಡಿದು ಮೆಟ್ಟಿಲಿಳಿದು, ಹಜಾರದ ಅಂಚಿನಿಂದ ಬಾಗಿಲು ತೋರಿಸಿದಳು. ಡಾಕ್ಟರ ನಗು ನಿಂತಿತು.

"ಅದೇನಮ್ಮಾ, ಬೇವಿನ್ ಸೊಪ್ಪಾ? ಮನೇಲಿ ಯಾರಿಗೆ ಅಮ್ಮ ಆಗಿದೆ?"

ಇಲ್ಲ ಎಂಬ ಎರಡಕ್ಷರ ಆಡಿದರೆ ಸಾಕಿತ್ತು. ಹಬ್ಬದ ತೋರಣ ಎಂದರೂ ನಡೆಯುತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಕೋಣೆಯೊಳಗಿಂದ ಅಜ್ಜಿಯ ದನಿ ಎದ್ದಿತು.

"ಯಾರಿಗೂ ಏನಾಗಿಲ್ಲ ಡಾಕ್ಟ್ರಮ್ಮ. ಹಂಗೇ... ಶಾಸ್ತ್ರಕ್ಕೆ... ಕಟ್ಟಿರೋದು. ಹುಡುಗೀನ... ಹುಡುಗೀನ..."

ಮಾತು ಮುಗಿಯಲಿಲ್ಲ. ಬಾವಿಯಿಂದ ಖಾಲಿ ಕೊಡ ಮೇಲೆಳೆದಂತೆ ಉಸಿರು ಎಳೆದೆಳೆದು ಬರುವ ಸದ್ದಷ್ಟೇ ಉಳಿಯಿತು. ಒಂದೇ ಗುಕ್ಕಿಗೆ ರಾಜಕುಮಾರಿಯನ್ನು ಏಳು ಕಾಡು ದಾಟಿಸುತ್ತಿದ್ದವಳು ಒಂದು ವಾಕ್ಯ ದಾಟಲಾರದೆ ನಿಂತಿದ್ದಳು.

"ಅಜ್ಜಿಗೆ ಜ್ವರ ಇದೆ ಡಾಕ್ಟ್ರೇ," ಎಂದಳು ಲಾವಣ್ಯಾ. "ಅಮ್ಮ ಅಲ್ಲ. ವಾಸನೆ ಗೊತ್ತಾಗ್ತಿಲ್ಲ ಅವ್ರಿಗೆ. ಎಷ್ಟು ದಿನದಿಂದ ಅಂತ ನಂಗೂ ಗೊತ್ತಿಲ್ಲ."

ಗಿರಿಜಾಂಬಾ ಕನ್ನಡಕ ತೆಗೆದರು. ಕೆಲಸದ ವಿಷಯ ಈಗ ತಮ್ಮ ಕೈಯಲ್ಲಿಲ್ಲ, ಬರೆಯಬೇಕಾದದ್ದನ್ನು ಬರೆಯುತ್ತೇನೆ, ಅದು ಆಮೇಲಿನ ಮಾತು ಎಂದರು. ಆ ಉಸಿರು ಮಾತ್ರ ತಮಗೆ ಸರಿಕಾಣುತ್ತಿಲ್ಲ, ಟೆಸ್ಟು ಗಿಸ್ಟು ಎಂದು ಕಾಯದೆ ಆಮ್ಲಜನಕ ಇರುವ ಆಸ್ಪತ್ರೆಗೆ ಈಗಲೇ ಕರೆದುಕೊಂಡು ಹೋಗು, ಇಬ್ಬರೂ ಮಾಸ್ಕ್ ಬಿಗಿಯಾಗಿ ಹಾಕಿಕೊಳ್ಳಿ ಎಂದರು.

ತಿರುಗಿದರೆ ಚಿಕ್ಕಪ್ಪ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡೂ ನಂಬಿರಲಿಲ್ಲ. ಅಮ್ಮ ಮೈಮೇಲಿರುವಾಗ ಹೊಸಲು ದಾಟಿಸಿ ಸೂಜಿ ಚುಚ್ಚಿಸಿದರೆ ಮನೆ ಉಳಿಯುತ್ತದೆಯೇ ಎಂದು ಕೇಳಿದ. ಅದು ಸಿಟ್ಟಲ್ಲ, ಭಯ. ಅವನು ಚಿಕ್ಕವನಿದ್ದಾಗ ಅವನಿಗೆ ಅಮ್ಮ ಆದಾಗ ಹಗಲಿರುಳು ಬೇವಿನೆಲೆಯಲ್ಲಿ ಮೈ ಸವರುತ್ತ ಕೂತು ಉಳಿಸಿಕೊಂಡವಳು ಒಳಗೆ ಮಲಗಿದ್ದ ಇದೇ ತಾಯಿ.

"ಅಮ್ಮ ಬಂದೇ ಇಲ್ಲ ಚಿಕ್ಕಪ್ಪ. ಅಜ್ಜಿ ಸುಳ್ಳು ಹೇಳಿದ್ರು."

"ನಮ್ಮಮ್ಮ? ಅಮ್ಮನ ಹೆಸ್ರಲ್ಲಿ ಸುಳ್ಳು? ನಿನ್ ಹಡಗಿಗೋಸ್ಕರ ಏನ್ ಬೇಕಾದ್ರೂ ಅಂತೀಯೇನೇ?"

ಆ ಮಾತು ಕೆನ್ನೆಗೆ ಹೊಡೆದಂತಿತ್ತು. ಹಡಗು ಆಗಲೇ ಕೈತಪ್ಪಿತ್ತು. ಅವಳು ಅವನ ತೋಳಿನ ಕೆಳಗೆ ನುಸುಳಿ ಹೊಸಲು ದಾಟಿದಳು. ಕಿಟಕಿಯ ಬೆಳಕಿನಲ್ಲಿ ಅಜ್ಜಿಯ ಮುಖ ಕಂಡಿತು. ಒಂದೇ ಒಂದು ಗುಳ್ಳೆಯೂ ಇರಲಿಲ್ಲ. ತುಟಿ ನೇರಳೆಗೆ ತಿರುಗಿತ್ತು. ಪಕ್ಕದಲ್ಲಿ ಬಿಚ್ಚಿದ ಬಾಳೆಲೆ, ಅದರ ಮೇಲೆ ಸಂಪಿಗೆ. ತಾನು ಸೋತದ್ದು ಅವಳಿಗೂ ಗೊತ್ತಾಗಿತ್ತು.

"ಒಳಗ್ ಬರ್ಬೇಡ ಅಂದ್ರೂ ಬಂದ್ಯಲ್ಲೇ, ಮುಂಡೇದೆ," ಎಂದಳು ಅಜ್ಜಿ. ಆಮೇಲೆ ಮಗನತ್ತ ಕತ್ತು ಹೊರಳಿಸಿ, ಒಂದೊಂದೇ ಮಾತನ್ನು ಹೆಕ್ಕಿಕೊಳ್ಳುತ್ತ, "ಸೊಪ್ಪು ಬಿಚ್ಚೋ ಮುರುಗಾ. ಅಮ್ಮನ್ ಹತ್ರ... ನಾನು... ಮಾತಾಡ್ಕೋತೀನಿ" ಎಂದಳು.

ಮುರುಗೇಶ್ ಹೋಗಿ ಬಾಗಿಲ ಸೊಪ್ಪನ್ನು ಕಿತ್ತ. ಬೀದಿಯವರೆಲ್ಲ ನೋಡುತ್ತಿರುವಾಗಲೇ ತಾಯಿಯನ್ನು ಮಗುವಿನಂತೆ ಎತ್ತಿಕೊಂಡು ಆಟೋದಲ್ಲಿ ಕೂರಿಸಿದ.

ಆಸ್ಪತ್ರೆಯ ಬಾಗಿಲಲ್ಲೂ ನಿಯಮಗಳೇ. ಜೊತೆಗೆ ಒಬ್ಬರು ಇರಬಹುದು ಎಂದು ಗೋಡೆಯ ಮೇಲಿತ್ತು, ಯಾರೂ ಇರುವಂತಿಲ್ಲ ಎಂದು ಕಾವಲಿನವನು ಹೇಳಿದ. ಗಾಲಿಕುರ್ಚಿ ಗಾಜಿನ ಬಾಗಿಲ ಆಚೆ ಹೋಗುವವರೆಗೂ ಅಜ್ಜಿ ಹಿಂತಿರುಗಿ ನೋಡಲಿಲ್ಲ. ಲಾವಣ್ಯಾಳದು ಟೆಸ್ಟ್ ಮಾಡಿದರೆ ನೆಗೆಟಿವ್ ಬಂತು. ಅದರಿಂದ ಈಗ ಯಾವ ಪ್ರಯೋಜನವೂ ಇರಲಿಲ್ಲ. ಹಡಗು ಹೊರಟ ದಿನ ಅವಳು ಆಸ್ಪತ್ರೆಯ ಎದುರಿನ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಹೆಸರು ಹೊಡೆದುಹಾಕಬಾರದೆಂದು ಡಾಕ್ಟರು ಬರೆದಿದ್ದಾರಂತೆ, ಮೇಲಿನವರು ಏನು ಹೇಳುತ್ತಾರೋ ತನಗೆ ತಿಳಿಯದು ಎಂದು ಕಶ್ಯಪ್ ತಿಳಿಸಿದ್ದ. ಚಿಕ್ಕಪ್ಪ ಪಕ್ಕದಲ್ಲೇ ಕೂತಿದ್ದ.

ಅಜ್ಜಿ ಬದುಕಿ ಮನೆಗೆ ಬಂದಳು. ಅರ್ಧ ಆಳಾಗಿದ್ದಳು. ಬಂದವಳು ಹಾಸಿಗೆಯ ಮೇಲೂ ಕೂರದೆ, ಮೊದಲು ನೀರು ಕಾಯಿಸಿ, ಬೇವು ಅರಿಶಿನ ಹಾಕಿ ಎಂದಳು. ಅಮ್ಮ ಬಂದೇ ಇರಲಿಲ್ಲವಲ್ಲ ಎಂದು ಲಾವಣ್ಯಾ ಕೇಳಿದರೆ ಉತ್ತರ ಸಿದ್ಧವಿತ್ತು.

"ಸುಳ್ಳಿಗೆ ಕರೆದ್ರೂ ಕರೆದಂಗೇ ಕಣೇ. ಕರೆದೋಳನ್ನ ಮರ್ಯಾದೆಯಾಗಿ ಕಳಿಸ್ಬೇಕು."

ಸೊಪ್ಪು ತಂದವನು ಮುರುಗೇಶ್. ಯಾರ ಮುಖವನ್ನೂ ನೋಡದೆ ಹಂಡೆಗೆ ಹಾಕಿದ, ಸೌದೆ ಮುಂದಕ್ಕೆ ತಳ್ಳಿದ. ನೀರು ಹಾಕುವ ಕೈ ಬೀದಿಯಲ್ಲಿ ಇದುವರೆಗೂ ಅಜ್ಜಿಯದೊಂದೇ ಆಗಿತ್ತು. ಇವತ್ತು ಚೊಂಬು ಲಾವಣ್ಯಾಳ ಕೈಯಲ್ಲಿತ್ತು. ನೀರು ಕಾಯುವಷ್ಟರಲ್ಲಿ ಕೊಟ್ಟ ಕಾಫಿಯ ಪರಿಮಳ ಅಜ್ಜಿಗೆ ತಿಳಿದಿರಲಿಲ್ಲ, ಮಲ್ಲಿಗೆ ಮೂಗಿಗಿಟ್ಟರೂ ಇಲ್ಲವೆಂದು ತಲೆಯಾಡಿಸಿದ್ದಳು. ಹೀಗೇ ಉಳಿದುಬಿಟ್ಟರೆ ಇವಳು ಏನನ್ನು ಕಟ್ಟಿಯಾಳು, ಯಾವ ಕತೆ ಹೇಳಿಯಾಳು ಎಂದುಕೊಳ್ಳುತ್ತಲೇ ಲಾವಣ್ಯಾ ಮೊದಲ ಚೊಂಬು ಸುರಿದಳು. ಹಸಿರು ನೀರು ನರೆತ ತಲೆಯ ಮೇಲಿಂದ ಹಣೆಗೆ, ಹಣೆಯಿಂದ ಮೂಗಿನ ತುದಿಗೆ ಇಳಿಯಿತು. ಅಜ್ಜಿ ಕಣ್ಣು ಮುಚ್ಚಿ ಏನನ್ನೋ ಗೊಣಗಿಕೊಳ್ಳುತ್ತಿದ್ದಳು. ಅಮ್ಮನ ಜೊತೆಗಿನ ಮಾತುಕತೆ ಇರಬೇಕು. ಗೊಣಗಾಟ ಥಟ್ಟನೆ ನಿಂತಿತು. ಮೂಗಿನ ಹೊಳ್ಳೆ ಅರಳಿತು, ಮುಖ ಕಿವುಚಿಕೊಂಡಿತು.

"ಏನೇ ಇದು," ಎಂದಳು ದ್ರೌಪದಮ್ಮ, "ಬೇವು ಇಷ್ಟೊಂದ್ ಹಾಕಿದೀರಾ? ಮೂಗಿಗೆ ಹೊಡೀತಿದೆ."

ಮುರುಗೇಶ್ ಒಲೆಯ ಮುಂದಿನಿಂದ ತಲೆಯೆತ್ತಿದ. ಲಾವಣ್ಯಾ ಚೊಂಬನ್ನು ಹಂಡೆಗೆ ಅದ್ದಿ ಇನ್ನೊಂದು ಸುರಿದಳು.