ಶುಕ್ರವಾರದ ಕೇಕು

"ಅಕ್ಷರ ಸ್ವಲ್ಪ ದಪ್ಪಗಿರ್ಲಂತೆ, ಫೋಟೋದಲ್ಲಿ ಚೆನ್ನಾಗಿ ಕಾಣ್ಬೇಕಂತೆ," ಎಂದು ಓನರಮ್ಮ ಫೋನನ್ನು ಕಿವಿಯಿಂದ ತೆಗೆಯದೆಯೇ ಒಳಕೋಣೆಗೆ ಕೂಗಿ ಹೇಳಿದರು. ಎರಡು ಕೆಜಿ ಕೇಕು, ಶುಕ್ರವಾರ ಮಧ್ಯಾಹ್ನ ಹೆರಿಗೆ ಆಸ್ಪತ್ರೆಗೇ ತಲುಪಿಸಬೇಕು.

ಒಳಗೆ ಕ್ರೀಮಿನ ಚೀಲ ಹಿಡಿದು ನಿಂತಿದ್ದವಳಿಗೆ ನಗು ಬಂತು. ಆ ಅಂಗಡಿಯಲ್ಲಿ ಕೇಕಿನ ಮೇಲೆ ಬರೆಯುವುದು ಅವಳ ಕೆಲಸ. ಹುಟ್ಟುಹಬ್ಬವಿರಲಿ, ನಿವೃತ್ತಿಯಿರಲಿ, ಊರವರ ಸಂತೋಷವೆಲ್ಲ ಅವಳ ಕೈಬರಹದಲ್ಲೇ ಹೊರಗೆ ಹೋಗಬೇಕು. ದಿನ ತುಂಬಿದ ಹೊಟ್ಟೆ ಮೇಜಿಗೆ ತಾಗುತ್ತದೆಂದು ಈಚೆಗೆ ಓರೆಯಾಗಿ ನಿಂತು ಬರೆಯುತ್ತಿದ್ದಳು. ಈ ವಾರದಿಂದ ರಜೆ ಎಂದು ನೆಂಟರಿಷ್ಟರಿಗೆಲ್ಲ ಹೇಳಿಯಾಗಿತ್ತು. ಬದಲಿಗೆ ಬರಬೇಕಾದವಳು ಕೈಕೊಟ್ಟಳು. ಎರಡು ದಿನದ ಮಟ್ಟಿಗೆ ಎಂದು ಗಂಡನಿಗೆ ಮಾತ್ರ ಹೇಳಿ ಬಂದಿದ್ದಳು.

"ಮಗು ಹುಟ್ಟೋಕ್ ಮುಂಚೆನೇ ಕೇಕಾ? ಭಲೇ ಧೈರ್ಯ," ಅಂದಳು.

"ಆಪರೇಷನ್ನಂತಮ್ಮ, ದಿನ ಗೊತ್ತಾಗಿದೆ. ಗಂಡೋ ಹೆಣ್ಣೋ ಗೊತ್ತಿಲ್ವಲ್ಲ, ಅದಕ್ಕೆ 'ನಮ್ಮ ಟಪಾಲಿಗೆ ಜೊತೆ ಬಂತು' ಅಂತ ಬರೀಬೇಕಂತೆ. ಅದೇನು ಟಪಾಲೋ, ದೇವರಿಗೇ ಗೊತ್ತು."

ಟಪಾಲು ಎಂದು ಕರೆಸಿಕೊಳ್ಳುವ ಮಗು ಈ ಭೂಮಿಯ ಮೇಲೆ ಒಂದೇ ಒಂದು. ಮುಚ್ಚಿದ ಬಾಗಿಲು ಕಂಡರೆ ಸಾಕು, ಚಮಚವೋ ಕಾಲುಚೀಲವೋ ಕೈಗೆ ಸಿಕ್ಕಿದ್ದನ್ನು ಸಂದಿಯಿಂದ ಒಳಗೆ ತೂರಿಸುವ ಅವಳ ಮೂರು ವರ್ಷದ ಮಗ. ಆ ಹೆಸರಿಟ್ಟವಳು ಗಂಡನ ಅಕ್ಕ.

"ಯಾರು ಫೋನ್ ಮಾಡಿರೋದು?" ಎಂದು ಕೇಳಿದಳು.

"ಯಾರೋ ಪಾಪ, ತಮ್ಮನ ಮಗೂಗಂತೆ. ಇಲ್ಲಿ ಬರೆಯೋ ಹುಡುಗಿ ರಜೆ ಹಾಕಿದಾಳಲ್ವಾ ಅಂತ ಎರಡೆರಡು ಸಲ ಕೇಳ್ತಿದ್ರು. ಬಂದಿದಾಳೆ ಅಂದೆ, ಫೋನ್ ಇಟ್ಬಿಟ್ರು."

ಚೀಲ ಹಿಡಿದ ಕೈ ತನಗೇ ತಿಳಿಯದೆ ಬಿಗಿಯಾಗಿ, ಅರ್ಧ ಕ್ರೀಮು ಮೇಜಿನ ಮೇಲೆ ಬಿತ್ತು. ಅದನ್ನು ಒರೆಸಲೂ ಇಲ್ಲ. ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಈಗ ಬಂದೆ ಎಂದಷ್ಟೇ ಹೇಳಿ ಬೀದಿಗಿಳಿದಳು. ಓನರಮ್ಮ ಬಿಟ್ಟ ಬಾಯಿ ಬಿಟ್ಟ ಹಾಗೇ ನೋಡುತ್ತಾ ನಿಂತರು.

ಶುಕ್ರವಾರ ಎಂದು ಹೇಳಿದವರು ಯಾರು? ಅವಳು ಹೇಳಿರಲಿಲ್ಲ. ಯಾವ ಬಗೆಯ ಹೆರಿಗೆ ಎಂಬುದನ್ನು ಡಾಕ್ಟರು ಅವಳಿಗೇ ಬಿಟ್ಟಿದ್ದರು, ನಾಳೆ ಹೋಗಿ ತಿಳಿಸಬೇಕಿತ್ತು. ಹೋದ ಸಲದ ಆಪರೇಷನ್ನಿನ ಹೊಲಿಗೆ ಕೆಳಗಡೆ ಅಡ್ಡಕ್ಕಿದೆ, ಮಗುವಿನ ತಲೆಯೂ ಕೆಳಗಿದೆ, ಈ ಸಲ ಸಹಜ ಹೆರಿಗೆಗೆ ಪ್ರಯತ್ನಿಸಬಹುದು ಎಂದಿದ್ದರು. ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ಕಡಿಮೆ, ಆದರೆ ಇಲ್ಲ ಎನ್ನುವಂತಿಲ್ಲ. ಹಾಗೇನಾದರೂ ಆದರೆ ತಕ್ಷಣ ಕೊಯ್ಯಬೇಕಾಗುತ್ತದೆ, ಅದಕ್ಕೆ ಎಲ್ಲ ಸಿದ್ಧವಿರುತ್ತದೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಪಕ್ಕದಲ್ಲಿ ಕೂತಿದ್ದ ಗಂಡ ಎಲ್ಲಕ್ಕೂ ತಲೆಯಾಡಿಸಿ, ಮನೆಗೆ ಬಂದ ಮೇಲೆ "ನಿನ್ನಿಷ್ಟ" ಅಂದಿದ್ದ.

ಅವಳಿಗೆ ಸಹಜವೇ ಬೇಕಿತ್ತು. ಹೋದ ಸಲ ನೋವು ತಿಂದು ತಿಂದು ಸುಸ್ತಾದ ಮೇಲೆ, ಮಗುವಿನ ಎದೆಬಡಿತ ಇಳಿಯಿತೆಂದು ಓಡುತ್ತಾ ಒಳಗೆ ತಳ್ಳಿಕೊಂಡು ಹೋಗಿ ಅರಿವಳಿಕೆ ಕೊಟ್ಟಿದ್ದರು. ಎಚ್ಚರವಾಗುವ ಹೊತ್ತಿಗೆ ಮನೆಮಂದಿಯೆಲ್ಲ ಮಗುವನ್ನು ನೋಡಿ, ಎತ್ತಿ, ಮೂಗು ಯಾರದು ಕಿವಿ ಯಾರದು ಎಂದು ಜಗಳವಾಡಿ ಮುಗಿಸಿದ್ದರು. ಹೆತ್ತವಳೇ ಕಟ್ಟಕಡೆಗೆ ನೋಡಿದ್ದು. ಎಲ್ಲರಿಗಿಂತ ಮೊದಲು ನೋಡಿದವನು ಅವನಪ್ಪನೇ ಇರಬೇಕು ಎಂದು ಗಂಡನ ಮೇಲೆ ಒಳಗೊಳಗೇ ಹೊಟ್ಟೆಕಿಚ್ಚು ಅವಳಿಗೆ.

ಗಂಡ ಲಿಫ್ಟ್ ಮೆಕ್ಯಾನಿಕ್. ಇವತ್ತು ಹಿಂದಿನ ಬೀದಿಯ ಕಚೇರಿ ಕಟ್ಟಡದಲ್ಲಿ ಕೆಲಸ ಎಂದು ಬೆಳಿಗ್ಗೆ ಹೇಳಿದ್ದ. ಲಿಫ್ಟ್ ನಿಂತಿತ್ತು, ಮೆಟ್ಟಿಲ ಕಂಬಿ ಹಿಡಿದು, ಉಸ್ಸಪ್ಪಾ ಎನ್ನುತ್ತಾ ಮೂರನೆಯ ಮಹಡಿ ಹತ್ತಿದಳು. ತೆರೆದ ಲಿಫ್ಟಿನ ಬಾಗಿಲ ಮುಂದೆ ಸ್ಪ್ಯಾನರ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದವನು ಅವಳನ್ನು ಕಂಡು ಗಾಬರಿಯಿಂದ ಎದ್ದ.

"ಶುಕ್ರವಾರ ನನಗೆ ಆಪರೇಷನ್ನಂತೆ," ಅಂದಳು. "ಕೇಕ್ ಮೇಲೆ ನಾನೇ ಬರೀಬೇಕಂತೆ."

ಸುಳ್ಳು ಹೇಳುವ ಜಾಯಮಾನ ಅವನದಲ್ಲ. ಆಸ್ಪತ್ರೆಯಿಂದ ಫೋನ್ ಬಂದಿತ್ತಂತೆ, ಶುಕ್ರವಾರ ಬೆಳಿಗ್ಗೆ ಆಪರೇಷನ್ನಿಗೆ ಒಂದು ಹೊತ್ತು ಖಾಲಿ ಇದೆ, ಹಿಡಿದಿಡೋಣವೇ ಎಂದು. ಹೂಂ ಅಂದುಬಿಟ್ಟನಂತೆ. ಅಕ್ಕನ ಹತ್ತಿರ ಬಾಯಿ ತಪ್ಪಿ ಆಡಿದನಂತೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಹೆಂಡತಿಗೆ ಮಾತ್ರ ಹೇಳಲಾಗಲಿಲ್ಲವಂತೆ.

"ಹೊಟ್ಟೆ ನಂದು. ದಿನ ಕೊಟ್ಟಿದ್ದು ನೀನು," ಅಂದಳು. "ನಿನ್ನಿಷ್ಟ ಅಂದ ಬಾಯಿ ಇದೇ ಅಲ್ವಾ?"

ಅವನು ಸ್ಪ್ಯಾನರನ್ನು ಕೈಯಿಂದ ಕೈಗೆ ಬದಲಿಸುತ್ತಾ ನಿಂತ. ಆಮೇಲೆ ಅವಳ ಮುಖ ನೋಡದೆ ಹೇಳತೊಡಗಿದ. ಹೋದ ಸಲ ಅವಳನ್ನು ಒಳಗೆ ತಳ್ಳಿಕೊಂಡು ಹೋದ ಸ್ವಲ್ಪ ಹೊತ್ತಿಗೆ ಒಬ್ಬ ನರ್ಸು ಹೊರಗೆ ಬಂದು, ಒಂದು ಪ್ಲಾಸ್ಟಿಕ್ ಕವರನ್ನು ಅವನ ಕೈಯಲ್ಲಿಟ್ಟು, ಇಟ್ಕೊಳ್ಳಿ ಎಂದು ಓಡಿಹೋದಳು. ಒಳಗೆ ಅವಳ ಉಂಗುರ, ಹೇರ್‌ಕ್ಲಿಪ್ಪು, ಎರಡು ಕಿವಿಯೋಲೆ. ಮಲಗುವಾಗಲೂ ಬಿಚ್ಚದ ಓಲೆ. ಕತೆ ಮುಗಿಯಿತು ಎಂದುಕೊಂಡ. ಕೇಳೋಣವೆಂದರೆ ಯಾರಾದರೂ ಹೌದು ಎಂದುಬಿಟ್ಟಾರು ಎಂದು ಹೆದರಿ, ಓಡಾಡುವವರನ್ನು ಯಾರನ್ನೂ ಕೇಳದೆ ಗೋಡೆಗೊರಗಿ ನಿಂತುಬಿಟ್ಟ.

"ಆಮೇಲೆ ಟಪಾಲನ್ನ ತಂದು ತೋರಿಸಿದ್ರು," ಅಂದ. "ನಾನು ನೋಡ್ಲಿಲ್ಲ ಕಣೇ. ನೀನೇ ಇಲ್ದ ಮೇಲೆ ಇದ್ಯಾಕೆ ಅನ್ನಿಸ್ತು. ಗೋಡೆ ಕಡೆ ತಿರುಗಿ ನಿಂತೆ. ಅಕ್ಕ ಎತ್ಕೊಂಡ್ಲು."

ಅವಳು ಮೆಟ್ಟಿಲ ಮೇಲೆ ಕೂತಳು. ಮೂರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನು. ಮಗನನ್ನು ಹೆಗಲಿಂದ ಇಳಿಸದ ಅಪ್ಪ. ಇವನು ನೋಡಿರಲೇ ಇಲ್ಲವೆ? ಕೆಳಗೆ ಯಾರೋ ಲಿಫ್ಟಿನ ಗುಂಡಿಯನ್ನು ಒತ್ತಿ ಒತ್ತಿ ಗೊಣಗುತ್ತಿದ್ದರು.

"ಅದಕ್ಕೇ ಹೂಂ ಅಂದೆ," ಎಂದ ಅವನು. "ಗೊತ್ತಿರೋ ದಿನ, ಗೊತ್ತಿರೋ ಹೊತ್ತು. ಇನ್ನೊಂದ್ಸಲ ಹಾಗೆ ಓಡೋದು ನನ್ನ ಕೈಲಿ ನೋಡೋಕಾಗಲ್ಲ."

ಹೊಟ್ಟೆಯೊಳಗಿನದು ಒಮ್ಮೆ ಮಗ್ಗುಲು ಬದಲಿಸಿತು. ಅವನಿಗಾಗಿ ಶುಕ್ರವಾರಕ್ಕೆ ಒಪ್ಪಿಬಿಡಲೇ ಎಂದೂ ಅವಳಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ಬೇಕಾದದ್ದು ಬೇಕಾಗಿಯೇ ಇತ್ತು. ಅವನ ಮಾತು ಕೇಳಿದ ಮೇಲೂ ಆ ಆಸೆ ಕರಗಲಿಲ್ಲ.

ಕೊನೆಗೆ ಬಲಗಿವಿಗೆ ಕೈ ಹಾಕಿ ಓಲೆಯ ತಿರುಪು ಸಡಿಲಿಸಿದಳು. ಆಮೇಲೆ ಎಡಗಿವಿಯದು. ಉಂಗುರ ಊದಿದ ಬೆರಳಿಂದ ಬರಲಿಲ್ಲ. ಬಾಯಲ್ಲಿ ಕಚ್ಚಿ ಎಳೆದು ತೆಗೆದಳು. ತಲೆಯ ಕ್ಲಿಪ್ಪನ್ನೂ ಬಿಚ್ಚಿದಳು. ಎಲ್ಲವನ್ನೂ ಅವನ ಎಣ್ಣೆಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು.

"ಈ ಸಲ ನಾನೇ ಕೊಡ್ತಿದೀನಿ. ಯಾರೂ ತಂದ್ಕೊಡಬೇಕಾಗಿಲ್ಲ," ಅಂದಳು. "ಶುಕ್ರವಾರ ಬೇಡ, ನೋವು ಬರೋವರೆಗೂ ಕಾಯೋಣ. ಆಗ ಕೊಯ್ಯಲೇಬೇಕು ಅಂತ ಡಾಕ್ಟ್ರು ಅಂದ್ರೆ ಕೊಯ್ಯಲಿ, ನಾನು ಹಟ ಮಾಡಲ್ಲ. ಆದ್ರೆ ಮಗೂನ ಮೊದಲು ನಾನು ನೋಡ್ತೀನಿ. ನೀನು ಹೊರಗೆ ನಿಲ್ಲಬೇಡ, ಒಳಗೆ ಬಾ. ನಿನ್ನನ್ನ ಒಳಗೆ ಬಿಡಿ ಅಂತ ನಾಳೆ ಡಾಕ್ಟ್ರನ್ನ ನಾನೇ ಕೇಳ್ತೀನಿ."

ಅವನು ಮುಚ್ಚಿದ ಮುಷ್ಟಿಯನ್ನೇ ನೋಡುತ್ತಿದ್ದ. ಕೂದಲು ಕೆದರಿ, ಬರಿಗಿವಿಯಲ್ಲಿ, ಏದುಸಿರು ಬಿಡುತ್ತಾ ಅವಳು ಎದುರಿಗೇ ಕೂತಿದ್ದಳು.

ಆಮೇಲೆ ಅವನು ಎಡಗೈಯಿಂದ ಜೇಬು ತಡಕಿ ಫೋನ್ ತೆಗೆದ. ಆಸ್ಪತ್ರೆಯ ನಂಬರನ್ನು ಎಡಗೈ ಹೆಬ್ಬೆರಳಲ್ಲಿ ಒತ್ತಿದ, ತಪ್ಪಿತು. ಅಳಿಸಿ ಮತ್ತೆ ಒತ್ತಿದ, ಮತ್ತೆ ತಪ್ಪಿತು. ಬಲಗೈ ಮುಷ್ಟಿಯನ್ನು ಎದೆಗಾನಿಸಿಕೊಂಡು, ಬಿಚ್ಚದೆ, ಮತ್ತೆ ಮೊದಲಿಂದ ಒತ್ತತೊಡಗಿದ.